ಡಿಸ್ಚಾರ್ಜ್ ಮಾತು ಯಾರ ಹತ್ತಿರ ಆಡಬೇಕು?

ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ನಮ್ಮ ವಾರ್ಡಿನಲ್ಲಿ ಲಕ್ವ ಹೊಡೆದವರೇ ಜಾಸ್ತಿ. ಒಂದು ಕೈ, ಒಂದು ಕಾಲು ಸ್ವಾಧೀನ ತಪ್ಪಿದವರು, ಮಾತು ತೊದಲುವವರು, ನುಂಗಲು ಆಗದೆ ಮೂಗಿಗೆ ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಊಟ ಕಳಿಸುವ ಕೊಳವೆ) ಹಾಕಿಸಿಕೊಂಡವರು. ಇವರು ಪೂರ್ತಿ ವಾಸಿಯಾಗುವ ತನಕ ಆಸ್ಪತ್ರೆಯಲ್ಲಿ ಇರಲು ಆಗುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಆರೈಕೆ ಮನೆಯಲ್ಲೇ ನಡೆಯಬೇಕು. ಹಾಗಾಗಿ ಡಿಸ್ಚಾರ್ಜ್ ಬಗ್ಗೆ ನಾನು ಎಲ್ಲರಿಗೂ ಹೇಳುವುದು ಒಂದೇ. ಮನೆಯಲ್ಲಿ ಯಾರ ಕೈ ಕೆಲಸ ಮಾಡುತ್ತದೋ, ಆ ಕೈಗೆ ಆಸ್ಪತ್ರೆಯಲ್ಲೇ ಕಲಿಸಬೇಕು.

ಆಗುವುದೇ ಬೇರೆ. ರೌಂಡ್ಸ್‌ಗೆ ಬಂದ ಡಾಕ್ಟರ್ "ಅಟೆಂಡರ್ ಯಾರು?" ಅಂತ ಕೇಳುತ್ತಾರೆ. ಮಗನೋ ಅಳಿಯನೋ ಮುಂದೆ ಬರುತ್ತಾರೆ. ಸ್ಕ್ಯಾನ್, ಮಾತ್ರೆ, ಮುಂದಿನ ಚೆಕಪ್, ಎಲ್ಲ ಅವರಿಗೇ ಹೇಳುತ್ತಾರೆ. ಹಗಲೂ ರಾತ್ರಿ ಜೊತೆಗಿದ್ದ ಹೆಂಡತಿಯೋ ಸೊಸೆಯೋ ಆ ಹೊತ್ತಿಗೆ ಗೋಡೆಗೆ ಸರಿದು ನಿಂತಿರುತ್ತಾರೆ. ಇಲ್ಲವೇ ಫ್ಲಾಸ್ಕ್ ಹಿಡಿದು ಬಿಸಿನೀರಿಗೆ ಹೋಗಿರುತ್ತಾರೆ. ಮನೆಗೆ ಹೋದ ಮೇಲೆ ಮಗ ಕೆಲಸಕ್ಕೆ ವಾಪಸ್ ಹೋಗುತ್ತಾನೆ. ಉಳಿಯುವುದು ಇವರು.

ಹುಣಸೂರು ಕಡೆಯ ಒಬ್ಬ ಯಜಮಾನರು ನಮ್ಮಲ್ಲಿದ್ದರು. ಎಡಗಡೆ ಪೂರ್ತಿ ಬಿದ್ದುಹೋಗಿತ್ತು. ಮಗ ಬೆಂಗಳೂರಿನಲ್ಲಿ ಡ್ರೈವರ್, ವಾರಕ್ಕೊಮ್ಮೆ ಬರುತ್ತಿದ್ದ. ಡಿಸ್ಚಾರ್ಜ್ ಮಾತು ಶುರುವಾದಾಗ ಎಲ್ಲರೂ ಅವನಿಗೆ ಫೋನ್ ಮಾಡಿ ಹೇಳಿದರು. ಅವನು "ಆಯ್ತು ಮೇಡಂ, ಆಯ್ತು" ಅಂದ. ಆಮೇಲೆ ಸೊಸೆ ನನ್ನ ಹತ್ತಿರ ಮೆಲ್ಲಗೆ ಬಂದು ಕೇಳಿದಳು: "ಸಿಸ್ಟರ್, ಹಗಲೊತ್ತು ನಾನೂ ನಮ್ಮತ್ತೆನೂ ಇಬ್ರೇ ಇರೋದು. ಅತ್ತೆಗೆ ಮಂಡಿನೋವು. ಮಾವನ್ನ ನಾನೊಬ್ಳೇ ಹೆಂಗೆ ತಿರುಗಿಸ್ಲಿ?"

ಅಷ್ಟು ಹೊತ್ತಿನ ತನಕ ಯಾರೂ ಕೇಳದೇ ಇದ್ದ ಪ್ರಶ್ನೆ ಅದು. ನಾವು ಆ ಮಧ್ಯಾಹ್ನವೇ ಶುರು ಮಾಡಿದೆವು. ಮಂಡಿ ಮಡಚಿಸಿ, ಒಂದು ಕೈ ಭುಜದ ಮೇಲೆ, ಇನ್ನೊಂದು ಸೊಂಟದ ಮೇಲೆ ಇಟ್ಟು, ಮೈಯನ್ನು ಒಟ್ಟಿಗೆ ತನ್ನ ಕಡೆಗೆ ಉರುಳಿಸಬೇಕು. ಎತ್ತಬಾರದು. ಬಿದ್ದ ಕೈಯನ್ನು ಹಿಡಿದು ಎಳೆಯಲೇಬಾರದು, ಭುಜದ ಕೀಲು ಜಾರುತ್ತದೆ. ಮೈ ಕೆಳಗೆ ಒಂದು ಹಳೇ ಬೆಡ್‌ಶೀಟ್ ಅಡ್ಡ ಮಡಚಿ ಹಾಸಿದರೆ, ಅದನ್ನು ಹಿಡಿದು ಇಬ್ಬರು ಸೇರಿ ಮೇಲಕ್ಕೆ ಸರಿಸಬಹುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕಾಲುಗಳ ನಡುವೆ ಒಂದು ದಿಂಬು. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ಇನ್ನೊಂದು. ಬೆನ್ನಿನ ಕೆಳಗಿನ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ, ಇವನ್ನು ದಿನಾ ನೋಡಬೇಕು. ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಟ್ಟಾಗ ಬೆಳ್ಳಗಾಗದೆ ಕೆಂಪಾಗೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗುತ್ತಿದೆ ಅಂತ ಅರ್ಥ. ಕಪ್ಪಗಿನ ಮೈಬಣ್ಣದಲ್ಲಿ ಕೆಂಪು ಕಾಣುವುದಿಲ್ಲ. ಆಗ ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು.

ಮಾವನಿಗೆ ಹಾಕಿದ್ದ ರೈಲ್ಸ್ ಟ್ಯೂಬ್ ಸೊಸೆಗೆ ಭಯ ಹುಟ್ಟಿಸಿತ್ತು. ಭಯ ಪಡುವುದು ಒಳ್ಳೆಯದೇ. ಮೂಗಿನ ಹತ್ತಿರ ಟ್ಯೂಬಿನ ಮೇಲೆ ಪೆನ್ನಿನಿಂದ ಗುರುತು ಹಾಕಿಕೊಟ್ಟೆ. ಪ್ರತಿ ಸಲ ಅದನ್ನು ಮೊದಲು ನೋಡಬೇಕು. ಗುರುತು ಈಚೆಗೆ ಬಂದಿದ್ದರೆ ಏನೂ ಹಾಕಬಾರದು, ಟ್ಯೂಬನ್ನು ತಾವೇ ಒಳಕ್ಕೆ ತಳ್ಳಬಾರದು. ತಲೆ ಕಡೆ 30ರಿಂದ 45 ಡಿಗ್ರಿ ಎತ್ತರಿಸಿ ಕೂರಿಸಿಯೇ ಊಟ ಹಾಕಬೇಕು. ಆಮೇಲೂ ಅರ್ಧದಿಂದ ಒಂದು ಗಂಟೆ ಹಾಗೇ ಇರಬೇಕು. ತಕ್ಷಣ ಮಲಗಿಸಿದರೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ರಾಗಿ ಗಂಜಿ ಕೊಡಬಹುದು, ಆದರೆ ತೆಳ್ಳಗೆ ಮಾಡಿ ಸೋಸಿಯೇ ಕೊಡಬೇಕು. ಕೊನೆಗೆ ನೀರು ಹಾಕಿ ಟ್ಯೂಬ್ ತೊಳೆಯಬೇಕು. ಕೆಮ್ಮು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಮಾತ್ರೆ ಪುಡಿ ಮಾಡುವ ಮುಂಚೆ ಯಾವುದನ್ನು ಪುಡಿ ಮಾಡಬಹುದು ಅಂತ ಕೇಳಬೇಕು. ಕೆಲವು ಮಾತ್ರೆಗಳ ಔಷಧಿ ನಿಧಾನವಾಗಿ ಬಿಡುಗಡೆ ಆಗಬೇಕು, ಪುಡಿ ಮಾಡಿದರೆ ಒಂದೇ ಸಲಕ್ಕೆ ಮೈಗೆ ಸೇರುತ್ತದೆ.

ಇಷ್ಟನ್ನೂ ಬಾಯಲ್ಲಿ ಹೇಳಿ "ಅರ್ಥ ಆಯ್ತಾ?" ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. ಅದಕ್ಕೇ ನಾನು ಹಾಗೆ ಕೇಳುವುದಿಲ್ಲ. "ರಾತ್ರಿ ಟ್ಯೂಬ್ ಈಚೆ ಬಂತು ಅಂದ್ಕೋ. ಏನ್ ಮಾಡ್ತೀಯ?" ಅಂತ ಕೇಳುತ್ತೇನೆ. ಮೊದಲ ಸಲ ನಾನು ಮಾಡಿ ತೋರಿಸುತ್ತೇನೆ, ಆಮೇಲೆ ಇಬ್ಬರೂ ಸೇರಿ ಮಾಡುತ್ತೇವೆ, ಆಮೇಲೆ ಅವರೇ ಮಾಡುತ್ತಾರೆ, ನಾನು ಸುಮ್ನೆ ನೋಡುತ್ತೇನೆ. ಆ ಸೊಸೆ ಹೊರಡುವ ಹಿಂದಿನ ದಿನ ಅವಳ ಅತ್ತೆಗೆ ತಾನೇ ಪಾಠ ಮಾಡುತ್ತಿದ್ದಳು. ಆಗ ನನಗೆ ಧೈರ್ಯ ಬಂತು.

ಇದು ನಾನೊಬ್ಬಳೇ ಕಂಡುಕೊಂಡ ದಾರಿ ಏನಲ್ಲ. ನೂರಾ ಹೆಲ್ತ್ ಅನ್ನುವ ಸಂಸ್ಥೆ ರೋಗಿಯ ಮನೆಯವರಿಗೆ ವಾರ್ಡಿನಲ್ಲೇ ಆರೈಕೆ ಕಲಿಸುವ ಕಾರ್ಯಕ್ರಮವನ್ನು ನಾರಾಯಣ ಹೃದಯಾಲಯದ ಆಸ್ಪತ್ರೆಗಳಲ್ಲಿ ಶುರು ಮಾಡಿತು. ಆಮೇಲೆ ಅದು ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಿಗೂ ಬಂತು. ಅಲ್ಲಿ ಪಾಠ ಹೇಳುವವರು ನರ್ಸ್‌ಗಳೇ. ಪ್ರತಿ ವಾರ್ಡಿನಲ್ಲೂ ಹೀಗೆ ದಿನಾ ಅರ್ಧ ಗಂಟೆ ಸಿಗಬೇಕು ಅನ್ನುವುದು ನನ್ನ ಆಸೆ.

ಮನೆ ಹೇಗಿದೆ ಅಂತಲೂ ನಾವು ಕೇಳಬೇಕು. ಆ ಮಗನಿಗೆ ಫೋನಿನಲ್ಲಿ ಮನೆಯ ವಿಡಿಯೋ ಮಾಡಿ ಕಳಿಸು ಅಂದೆ. ಟಾಯ್ಲೆಟ್ ಹಿತ್ತಲಿನಲ್ಲಿ, ನಡುವೆ ಎರಡು ಹೊಸ್ತಿಲು, ಕೆಳಗೆ ಕೂರುವ ಬೇಸಿನ್. ಮಂಚ ಗೋಡೆಗೆ ಅಂಟಿಕೊಂಡಿತ್ತು. ಮಂಚವನ್ನು ಎರಡೂ ಕಡೆಯಿಂದ ಓಡಾಡುವ ಹಾಗೆ ಈಚೆಗೆ ಎಳೆಸಿದೆವು. ಕಮೋಡ್ ಚೇರ್ ಒಂದು ಕೊಂಡರು. ಗಾಳಿ ತುಂಬುವ ಏರ್ ಬೆಡ್ ಅನ್ನು ಬಾಡಿಗೆಗೆ ತಂದರು, ದೊಡ್ಡ ಆಸ್ಪತ್ರೆಗಳ ಅಕ್ಕಪಕ್ಕದ ಅಂಗಡಿಗಳಲ್ಲಿ ಸಿಗುತ್ತದೆ. ಅದರ ಪಂಪು ಕರೆಂಟಿನಿಂದ ಓಡುವುದು. ಹಳ್ಳಿಯಲ್ಲಿ ಕರೆಂಟ್ ಹೋಗುತ್ತದೆ. ಏರ್ ಬೆಡ್ ಇದೆ ಅಂತ ಮಗ್ಗುಲು ಬದಲಿಸುವುದನ್ನು ಬಿಡಬಾರದು.

ಮಾತ್ರೆ ವಿಷಯದಲ್ಲಿ ಒಂದು ಕೆಲಸ ತಪ್ಪದೆ ಮಾಡಿ. ಮನೆಯಲ್ಲಿರುವ ಹಳೇ ಮಾತ್ರೆ ಡಬ್ಬಿಯನ್ನು ಡಿಸ್ಚಾರ್ಜ್‌ಗೆ ಮುಂಚೆ ವಾರ್ಡಿಗೆ ತನ್ನಿ. ಬಿಪಿಗೆ ಮೊದಲಿಂದ ತೆಗೆದುಕೊಳ್ಳುತ್ತಿದ್ದ ಅಮ್ಲೋಡಿಪಿನ್ ಒಂದು ಕಂಪನಿ ಹೆಸರಿನಲ್ಲಿರುತ್ತದೆ, ಈಗ ಬರೆದುಕೊಟ್ಟದ್ದು ಇನ್ನೊಂದು ಹೆಸರಿನಲ್ಲಿರುತ್ತದೆ. ಎರಡೂ ನುಂಗಿಸಿ ಬಿಪಿ ಇಳಿದು ತಲೆ ಸುತ್ತಿ ಬಿದ್ದವರನ್ನು ನೋಡಿದ್ದೇನೆ. ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಕೊಳ್ಳುವವರೂ ಔಷಧಿಯ ಮೂಲ ಹೆಸರನ್ನು ಬರೆಸಿಕೊಂಡಿರಬೇಕು. ಓದಲು ಬಾರದವರಿಗೆ ನಾನು ಕಾಗದದ ಮೇಲೆ ಸೂರ್ಯ, ಚಂದ್ರ ಬರೆದು ಅದರ ಕೆಳಗೆ ಮಾತ್ರೆಯ ಖಾಲಿ ಪಟ್ಟಿಯ ತುಂಡು ಅಂಟಿಸಿಕೊಡುತ್ತೇನೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಡಾಕ್ಟರ್ ಹೇಳದೆ ನಿಲ್ಲಿಸಬಾರದು ಅನ್ನುವುದನ್ನು ಕೆಂಪು ಇಂಕಿನಲ್ಲಿ ಬರೆಯುತ್ತೇನೆ.

ಹೊರಡುವ ದಿನದ ಬಗ್ಗೆ. ಮಂಗಳವಾರ ಬೇಡ, ಅಮಾವಾಸ್ಯೆ ಬೇಡ ಅನ್ನುವವರು ಇರುತ್ತಾರೆ. ಅವರ ಮನಸ್ಸಿನ ಸಮಾಧಾನಕ್ಕೆ ಬೆಲೆ ಇದೆ, ಎರಡು ದಿನ ಮುಂಚೆ ಹೇಳಿದರೆ ಹೊಂದಿಸಬಹುದು. ಬೆಳಿಗ್ಗೆ ಡಾಕ್ಟರ್ ಸಹಿ ಮಾಡಿದರೂ ಬಿಲ್ಲು, ಇನ್ಶೂರೆನ್ಸ್ ಅಂತ ಸಂಜೆಯಾಗುತ್ತದೆ. ಕ್ಯಾಶ್‌ಲೆಸ್ ಇದ್ದರೆ ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ತಲುಪಿದ 3 ಗಂಟೆಯೊಳಗೆ ಕಂಪನಿ ಒಪ್ಪಿಗೆ ಕೊಡಬೇಕು ಅಂತ ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2024ರಲ್ಲಿ ಹೇಳಿದೆ, ಇದನ್ನು ತಿಳಿದುಕೊಂಡು ಕೇಳಿ. ಮಾತ್ರೆಗಳನ್ನು ಇಲ್ಲೇ ಕೊಂಡುಕೊಳ್ಳಿ, ರಾತ್ರಿ ಊರು ಸೇರುವ ಹೊತ್ತಿಗೆ ಮೆಡಿಕಲ್ಸ್ ಬಾಗಿಲು ಹಾಕಿರುತ್ತದೆ. ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಕನ್ನಡದಲ್ಲಿ ಓದಿ ಹೇಳಿ ಅಂತ ಕೇಳಲು ಸಂಕೋಚ ಬೇಡ.

ಮತ್ತೆ ಲಕ್ವ ಹೊಡೆಯಬಹುದು ಅನ್ನುವುದನ್ನೂ ಹೇಳಲೇಬೇಕು. ಬಾಯಿ ಸೊಟ್ಟ, ಕೈ ಎತ್ತಲು ಆಗದಿರುವುದು, ಮಾತು ತೊದಲುವುದು ಹೊಸದಾಗಿ ಕಂಡರೆ ಗಡಿಯಾರ ನೋಡಿ ಹೊತ್ತು ನೆನಪಿಟ್ಟುಕೊಂಡು 108ಕ್ಕೆ ಫೋನ್ ಮಾಡಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆ ಮಾತ್ರ ಇರುವುದು. ಜ್ವರ, ಏದುಸಿರು, ಗಬ್ಬು ವಾಸನೆಯ ಮೂತ್ರ, ಒಂದೇ ಕಾಲಿನ ಮೀನಖಂಡ ಊದುವುದು, ಇವಕ್ಕೂ ಕಾಯಬಾರದು.

ಕೊನೆಗೆ, ನೋಡಿಕೊಳ್ಳುವವರ ನಿದ್ದೆ. ಎರಡು ಗಂಟೆಗೊಮ್ಮೆ ಮಗ್ಗುಲು ಅಂದರೆ ರಾತ್ರಿಯೂ ಎದ್ದೇಳಬೇಕು, ಅಲ್ವಾ? ಆ ಮಗ ಕರೆದುಕೊಂಡು ಹೋಗಲು ಬಂದಾಗ ಎಲ್ಲರನ್ನೂ ಮಂಚದ ಸುತ್ತ ನಿಲ್ಲಿಸಿ, "ರಾತ್ರಿ ಯಾರು ಏಳ್ತೀರಪ್ಪ?" ಅಂತ ಕೇಳಿದೆ. ಯಾರೂ ಮಾತಾಡಲಿಲ್ಲ. ಸೊಸೆ ನೆಲ ನೋಡಿದಳು. ಆಮೇಲೆ ಯಜಮಾನರ ತಮ್ಮ, ಪಕ್ಕದ ಮನೆಯವರು, "ನನಗೆ ಹೆಂಗೂ ನಡುರಾತ್ರಿ ನಿದ್ದೆ ಬರಲ್ಲ, ಹನ್ನೆರಡು ಗಂಟೇದು, ಎರಡು ಗಂಟೇದು ನಾನು ನೋಡ್ಕತೀನಿ" ಅಂದರು. ಶನಿವಾರ, ಭಾನುವಾರ ರಾತ್ರಿ ಮಗ ಒಪ್ಪಿಕೊಂಡ. ಅವರಿಬ್ಬರಿಗೂ ಮಗ್ಗುಲು ಬದಲಿಸುವುದು ಗೊತ್ತಿರಲಿಲ್ಲ. ಆಂಬುಲೆನ್ಸ್ ಡ್ರೈವರಿಗೆ ಸ್ವಲ್ಪ ಕಾಯಲು ಹೇಳಿ, ಸೊಸೆಯ ಕೈಯಲ್ಲೇ ಅವರಿಗೆ ಕಲಿಸಿದೆವು.