ವೈರ್ ತುಂಡಾದರೂ ಮೆಷಿನ್ ನಿಲ್ಲಬೇಕು

ಕುಶಾಲನಗರದ ಸುತ್ತಮುತ್ತ ಪ್ಯಾನಲ್ ವೈರಿಂಗ್ ಮಾಡುತ್ತೇನೆ. ಹೆಚ್ಚಿನ ಕೆಲಸ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಕಡೆ. ಸಿಪ್ಪೆ ಬಿಡಿಸುವ ಹಲ್ಲರ್, ಬೀಜ ವಿಂಗಡಿಸುವ ಗ್ರೇಡರ್, ಮೇಲಕ್ಕೆ ಸಾಗಿಸುವ ಎಲಿವೇಟರ್, ಹೀಗೆ ಒಂದೇ ಶೆಡ್ಡಿನಲ್ಲಿ ಹತ್ತಾರು ಮೋಟರ್ ಓಡುತ್ತಿರುತ್ತವೆ. ಕೆಲವು ವರ್ಷದ ಹಿಂದೆ ಅಂಥ ಒಂದು ಕಡೆ ಹಲ್ಲರಿನ ಬೆಲ್ಟ್ ಗಾರ್ಡಿಗೆ, ಅಂದರೆ ಬೆಲ್ಟು ಪುಲ್ಲಿಗಳನ್ನು ಮುಚ್ಚುವ ಬಾಗಿಲಿರುವ ಕಾವಲಿಗೆ, ಸ್ವಿಚ್ ಹಾಕಿಕೊಟ್ಟೆ. ಬಾಗಿಲು ತೆಗೆದರೆ ಮೋಟರ್ ಆಫ್ ಆಗಬೇಕು, ಅಷ್ಟೇ ಕೇಳಿದ್ದರು.

ನಾನು ಮಾಡಿದ್ದು ಹೀಗೆ. ಬಾಗಿಲು ತೆಗೆದಾಗ ಲಿಮಿಟ್ ಸ್ವಿಚ್ಚಿನ ಕಾಂಟ್ಯಾಕ್ಟ್ ಕೂಡುತ್ತದೆ. ಕೂಡಿದರೆ ಒಂದು ರಿಲೇ ಎಳೆಯುತ್ತದೆ. ಆ ರಿಲೇ ಮೋಟರಿನ ಕಾಂಟ್ಯಾಕ್ಟರನ್ನು, ಅಂದರೆ ಮೋಟರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚನ್ನು, ಬಿಡಿಸುತ್ತದೆ. ಹತ್ತು ಸಲ ಬಾಗಿಲು ತೆಗೆದು ನೋಡಿದೆ, ಹತ್ತು ಸಲವೂ ಆಫ್ ಆಯಿತು. ಹಲ್ಲರ್ ನೋಡಿಕೊಳ್ಳುವ ಅಣ್ಣನನ್ನು ಕರೆದು ತೋರಿಸಿದೆ. "ಇನ್ನು ಮೇಲೆ ಮೇನ್ ಆಫ್ ಮಾಡೋಕೆ ಓಡಾಡಬೇಡಿ ಅಣ್ಣ, ಬಾಗಿಲು ತೆಗೆದ್ರೆ ತಾನೇ ನಿಲ್ಲುತ್ತೆ" ಅಂದೆ.

ಜೂನ್ ತಿಂಗಳಲ್ಲಿ ಫೋನ್ ಬಂತು. ಮಳೆ ಹಿಡಿದಿತ್ತು. ತೇವಕ್ಕೆ ಬೆಲ್ಟ್ ಜಾರಿ ರಬ್ಬರ್ ವಾಸನೆ ಬರುತ್ತಿತ್ತಂತೆ. ಆ ಅಣ್ಣ ಬಾಗಿಲು ತೆಗೆದರು, ಪುಲ್ಲಿ ನಿಲ್ಲಲಿ ಅಂತ ಸ್ವಲ್ಪ ಹೊತ್ತು ಕಾದರು, ಹಿಂದೆ ಯಾರೋ ಕರೆದರು ಅಂತ ತಿರುಗಿ ಮಾತಾಡುತ್ತಲೇ ಬೆಲ್ಟಿನ ಬಿಗಿ ನೋಡಲು ಕೈ ಹಾಕಿದರು. ಪಕ್ಕದಲ್ಲಿ ಗ್ರೇಡರ್ ಸದ್ದು. ಹಲ್ಲರ್ ನಿಂತಿದೆಯೋ ಇಲ್ಲವೋ ಕಿವಿಗೆ ಗೊತ್ತಾಗುವ ಜಾಗ ಅಲ್ಲ. ಪುಲ್ಲಿಯ ಗಾಳಿ ಅಂಗೈಗೆ ಬಡಿಯಿತು. ಅದೊಂದರಿಂದ ಕೈ ಉಳಿಯಿತು.

ಹೋಗಿ ನೋಡಿದರೆ ಸ್ವಿಚ್ಚಿನಿಂದ ಪ್ಯಾನಲಿಗೆ ಬರುವ ವೈರನ್ನು ಇಲಿ ಕಡಿದಿತ್ತು. ಯಾವತ್ತು ಕಡಿದಿತ್ತೋ ಹೇಳುವ ಹಾಗೇ ಇಲ್ಲ. ಬಾಗಿಲು ಮುಚ್ಚಿದ್ದಷ್ಟು ದಿನ ಎಲ್ಲವೂ ಸರಿಯಾಗಿಯೇ ಓಡಿದೆ.

"ಬಾಗ್ಲು ತೆಗೆದ್ರೆ ನಿಲ್ಲುತ್ತೆ ಅಂತ ನೀನೇ ಹೇಳಿದ್ದಲ್ವಾ ತಮ್ಮಾ?" ಅಂದರು. ಸಿಟ್ಟಿನಿಂದ ಅಲ್ಲ, ಸುಮ್ನೆ ಕೇಳಿದರು. ನಾನು ಸ್ವಿಚ್ ಹಾಕುವ ಮುಂಚೆ ಅವರು ಪ್ರತಿ ಸಲ ನಡೆದು ಹೋಗಿ ಮೇನ್ ಆಫ್ ಮಾಡಿ ಬರುತ್ತಿದ್ದವರು. ಆ ಒಳ್ಳೆಯ ಅಭ್ಯಾಸ ಬಿಡಿಸಿದ್ದು ನಾನು. ಅದರ ಜಾಗಕ್ಕೆ ಕೊಟ್ಟಿದ್ದು ಇಲಿ ಕಡಿದರೆ ಸತ್ತುಹೋಗುವ ಒಂದು ವೈರ್. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ತಪ್ಪು ಎಲ್ಲಿತ್ತು ಅಂದರೆ, ನಿಲ್ಲಿಸೋಕೆ ಕರೆಂಟ್ ಬೇಕಾಗಿತ್ತು. ಉಲ್ಟಾ ಇರಬೇಕು. ಓಡೋಕೆ ಕರೆಂಟ್ ಬೇಕು, ಅದು ಎಲ್ಲಿ ಕಡಿದರೂ ಮೆಷಿನ್ ನಿಲ್ಲಬೇಕು. ಬಾಗಿಲು ಮುಚ್ಚಿದ್ದಾಗ ಕೂಡಿರುವ ಕಾಂಟ್ಯಾಕ್ಟ್ ಮೂಲಕವೇ ಕಾಂಟ್ಯಾಕ್ಟರನ್ನು ಎಳೆದು ಹಿಡಿಯುವ ಕಾಯಿಲಿಗೆ ಸಪ್ಲೈ ಹೋಗಬೇಕು. ಆಗ ವೈರ್ ತುಂಡಾಗಲಿ, ಸ್ಕ್ರೂ ಸಡಿಲವಾಗಲಿ, ಸಪ್ಲೈ ಹೋಗಲಿ, ಮೋಟರ್ ಆಫ್.

ಇನ್ನೊಂದು ತಪ್ಪನ್ನು ಸ್ವಿಚ್ ಬಿಚ್ಚಿದಾಗ ಕಂಡೆ. ಬಾಗಿಲು ಮುಚ್ಚಿದಾಗ ಅದೇ ಸ್ವಿಚ್ಚಿನ ಪ್ಲಂಜರನ್ನು, ಅಂದರೆ ಒಳಗೆ ಹೊರಗೆ ಆಡುವ ಕಡ್ಡಿಯನ್ನು, ಒತ್ತಿ ಹಿಡಿಯುವ ಹಾಗೆ ಕೂರಿಸಿದ್ದೆ. ತೆಗೆದಾಗ ಒಳಗಿನ ಸ್ಪ್ರಿಂಗ್ ಅದನ್ನು ಹೊರಗೆ ತಳ್ಳಬೇಕು. ಪ್ಲಂಜರಿನ ಸುತ್ತ ಕಾಫಿ ಹೊಟ್ಟಿನ ಪುಡಿ ತೇವ ಹೀರಿ ಹಿಟ್ಟಿನ ಹಾಗೆ ಗಟ್ಟಿಯಾಗಿತ್ತು. ಬೆರಳಿನಿಂದ ಒತ್ತಿದೆ, ಒಳಗೆ ಹೋಯಿತು, ವಾಪಸ್ ಬರಲಿಲ್ಲ. ವೈರ್ ಸರಿ ಇದ್ದಿದ್ದರೂ ಇನ್ನೊಂದು ತಿಂಗಳಿಗೆ ಇದೇ ಆಗುತ್ತಿತ್ತು.

ಈಗ ಬಾಗಿಲಿನ ಹಿಂಜ್ ಮೇಲೆ ಕ್ಯಾಮ್, ಅಂದರೆ ಏರು ತಗ್ಗಿರುವ ಬಿಲ್ಲೆ, ಕೂರಿಸುತ್ತೇನೆ. ಮುಚ್ಚಿದ್ದಾಗ ಸ್ವಿಚ್ಚಿನ ರೋಲರ್ ಕ್ಯಾಮಿನ ತಗ್ಗಿನಲ್ಲಿ ಆರಾಮಾಗಿ ಕೂತಿರುತ್ತದೆ, ಒತ್ತದಿದ್ದಾಗ ಕೂಡುವ 11-12 ನಂಬರಿನ ಕಾಂಟ್ಯಾಕ್ಟ್ ಕೂಡಿರುತ್ತದೆ. ಬಾಗಿಲು ಎಳೆದರೆ ಕ್ಯಾಮ್ ರೋಲರನ್ನು ಒತ್ತಿ ಕಾಂಟ್ಯಾಕ್ಟನ್ನು ಬಲವಂತವಾಗಿ ಬಿಡಿಸುತ್ತದೆ. ಬಿಡಿಸುವುದು ಸ್ಪ್ರಿಂಗ್ ಅಲ್ಲ, ಬಾಗಿಲು ಎಳೆಯುವ ಕೈಯ ಬಲ. ಎಲ್ಲ ಸ್ವಿಚ್ಚೂ ಈ ಕೆಲಸಕ್ಕೆ ಬರುವುದಿಲ್ಲ. ಮೈಮೇಲೆ ವೃತ್ತದೊಳಗೆ ಬಾಣದ ಗುರುತು ಇರಬೇಕು. ಅಂಗಡಿಯಲ್ಲಿ ಕೇಳುವಾಗ ಆ ಗುರುತನ್ನು ಕಣ್ಣಾರೆ ನೋಡಿಯೇ ತರುತ್ತೇನೆ.

ಕ್ಯಾಮೇ ಕಳಚಿ ಬಿದ್ದರೆ? ಅದಕ್ಕೇ ಎರಡನೇ ಸ್ವಿಚ್ ಬೇಕು. ಅದನ್ನು ಹಳೆಯ ರೀತಿಯಲ್ಲೇ, ಬಾಗಿಲು ಒತ್ತುವ ಹಾಗೆ ಕೂರಿಸುತ್ತೇನೆ. ಎರಡರ ವೈರೂ ಬೇರೆ ಬೇರೆ ಚಾನಲ್ ಆಗಿ ಸೇಫ್ಟಿ ರಿಲೇಗೆ, ಅಂದರೆ ಎರಡನ್ನೂ ತಾಳೆ ನೋಡುವ ರಿಲೇಗೆ, ಹೋಗುತ್ತವೆ. ಬಾಗಿಲು ತೆಗೆದಾಗ ಒಂದೇ ಬದಲಾಗಿ ಇನ್ನೊಂದು ಬದಲಾಗದಿದ್ದರೆ ರಿಲೇ ಮತ್ತೆ ಸ್ಟಾರ್ಟ್ ಆಗಲು ಬಿಡುವುದಿಲ್ಲ. ಹಾಗೆಯೇ, ಬಾಗಿಲು ಮುಚ್ಚಿದ ಮಾತ್ರಕ್ಕೆ ಮೆಷಿನ್ ಓಡಬಾರದು. ರೀಸೆಟ್ ಬಟನ್ ಬೇರೆ, ಸ್ಟಾರ್ಟ್ ಬಟನ್ ಬೇರೆ. ಮೋಟರಿನ ಕಾಂಟ್ಯಾಕ್ಟರ್ ಬಿಸಿಯಾಗಿ ಅಂಟಿಬಿಡಬಹುದು ಅಂತ ಅವೂ ಎರಡು, ಸೀರೀಸಿನಲ್ಲಿ, ಒಂದು ಬಿಟ್ಟರೂ ಮೋಟರ್ ಆಫ್ ಆಗುವ ಹಾಗೆ.

ಸಾಹುಕಾರರಿಗೆ ಖರ್ಚು ಜಾಸ್ತಿ ಅನ್ನಿಸಿತು. ಅಪಾಯದ ಭಾಗಕ್ಕೆ ಕಾವಲು ಇರಬೇಕು ಅಂತ ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ನಿನಲ್ಲೇ ಇತ್ತು, ಅದನ್ನು ಹೇಳಿದೆ. ಅದಕ್ಕಿಂತ, ಕಡಿದ ವೈರನ್ನು ಅವರ ಕೈಗೆ ಕೊಟ್ಟಿದ್ದೇ ಕೆಲಸ ಮಾಡಿತು ಅಂತ ನನ್ನ ಭಾವನೆ.

ಆಫ್ ಆದ ಮೇಲೂ ತಿರುಗುವುದು ಇನ್ನೊಂದು ಸಮಸ್ಯೆ. ಮೊಬೈಲಿನಲ್ಲಿ ಟೈಮ್ ನೋಡಿದೆ. ಖಾಲಿ ಓಡುವಾಗ ಆಫ್ ಮಾಡಿದರೆ ಆ ಹಲ್ಲರ್ ಪೂರ್ತಿ ನಿಲ್ಲಲು 28 ಸೆಕೆಂಡ್ ಬೇಕಾಯಿತು. ಬಾಗಿಲು ತೆಗೆಯಲು ಎರಡು ಸೆಕೆಂಡ್ ಸಾಕು. ಹಾಗಾಗಿ ಸೊಲೆನಾಯ್ಡ್ ಬೀಗ (ಕರೆಂಟಿನಿಂದ ಆಡುವ ಬೀಗ) ಇರುವ ಸ್ವಿಚ್ ಹಾಕಿ, ಆಫ್ ಆದ 45 ಸೆಕೆಂಡಿನ ನಂತರವೇ ಬೀಗ ಬಿಡುವಂತೆ ಟೈಮರ್ ಇಟ್ಟೆ. ಈ ಬೀಗದಲ್ಲಿ ಎರಡು ಜಾತಿ. ಒಂದು, ಕರೆಂಟ್ ಇದ್ದಷ್ಟು ಹೊತ್ತು ಬೀಗ ಹಿಡಿದಿರುವುದು. ಇನ್ನೊಂದು, ಸ್ಪ್ರಿಂಗೇ ಬೀಗ ಹಿಡಿದು, ಕರೆಂಟ್ ಕೊಟ್ಟರೆ ಮಾತ್ರ ಬಿಡುವುದು. ಮಳೆಗಾಲದಲ್ಲಿ ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ದಿನದ ಮಾತು. ಮೊದಲನೆಯದಾದರೆ ಕರೆಂಟ್ ಹೋದ ಕ್ಷಣವೇ ಬೀಗ ಬಿಡುತ್ತದೆ, ಒಳಗೆ ಪುಲ್ಲಿ ಇನ್ನೂ ತಿರುಗುತ್ತಿರುತ್ತದೆ. ಕೊಡಗಿನಲ್ಲಿ ನಾನು ಎರಡನೆಯದನ್ನೇ ಹಾಕುವುದು. ಕರೆಂಟ್ ಇಲ್ಲದಾಗ ತೆಗೆಯಲೇಬೇಕಾದರೆ ಅದಕ್ಕೊಂದು ಕೀ ಇರುತ್ತದೆ.

ವೈರನ್ನು ಜಿಐ ಪೈಪಿನೊಳಗೆ ತಂದೆ. ವೈರ್ ಒಳಹೋಗುವ ಕಡೆ ಬಿಗಿಯುವ ಗ್ಲಾಂಡ್ ಕೆಳಮುಖ.

ಇನ್ನೊಂದು ಕಡೆ, ಹಾಕಿಕೊಟ್ಟ ವಾರದಲ್ಲೇ ಹುಡುಗರು ಬಾಗಿಲು ಮುಚ್ಚಿದಾಗ ಸ್ವಿಚ್ಚಿನೊಳಗೆ ಹೋಗುವ ನಾಲಿಗೆಯನ್ನು ಬಾಗಿಲಿಂದ ಬಿಚ್ಚಿ ನೇರ ಸ್ವಿಚ್ಚಿಗೇ ಸಿಕ್ಕಿಸಿ, ಬಾಗಿಲು ತೆರೆದಿಟ್ಟೇ ಓಡಿಸುತ್ತಿದ್ದರು. ಬೈಯುವ ಬದಲು ಯಾಕೆ ಅಂತ ಕೇಳಿದೆ. ಹೊಟ್ಟು ಕಟ್ಟಿಕೊಂಡಿದೆಯಾ ಅಂತ ಗಂಟೆಗೊಂದು ಸಲ ನೋಡಬೇಕು, ಪ್ರತಿ ಸಲ ನಿಲ್ಲಿಸಿದರೆ ಕೆಲಸ ಮುಗಿಯಲ್ಲ ಅಂದರು. ಅವರು ಹೇಳಿದ್ದು ನಿಜ. ಬಾಗಿಲಿಗೆ ಒಂದು ಚೌಕ ಕೊರೆದು ಬೆರಳು ತೂರದ ಜಾಲರಿ ಹಾಕಿಸಿ, ಒಳಗೊಂದು ಲೈಟ್ ಕೊಟ್ಟೆ. ತಾವಾಗಿಯೇ ನಾಲಿಗೆಯನ್ನು ವಾಪಸ್ ಬಾಗಿಲಿಗೆ ಕೂರಿಸಿದರು.

ಈಗ ಕೆಲಸ ಮುಗಿಸುವ ಮುಂಚೆ ಬಾಗಿಲು ತೆಗೆದು ನೋಡುವುದಕ್ಕಷ್ಟೇ ನಿಲ್ಲಿಸುವುದಿಲ್ಲ. ಮೆಷಿನ್ ಓಡುತ್ತಿರುವಾಗ ಪ್ಯಾನಲಿನಲ್ಲಿ ಸ್ವಿಚ್ಚಿನ 24 ವೋಲ್ಟ್ ವೈರುಗಳನ್ನು ಒಂದೊಂದಾಗಿ ಕಳಚುತ್ತೇನೆ. ಪ್ರತಿಯೊಂದಕ್ಕೂ ಮೋಟರ್ ಆಫ್ ಆಗಬೇಕು, ಕಳಚಿದ ವೈರ್ ವಾಪಸ್ ಹಾಕುವ ತನಕ ರೀಸೆಟ್ ಆಗಬಾರದು. ಜನವರಿಯಲ್ಲಿ ಕಾಫಿ ಬರಲು ಶುರುವಾಗುವ ಮುಂಚೆ ಆ ಹಳೆಯ ಕಡೆಗೆ ಹೋದಾಗ ಬಾಗಿಲ ಹತ್ತಿರ ಅಣ್ಣನನ್ನೇ ನಿಲ್ಲಿಸಿಕೊಳ್ಳುತ್ತೇನೆ. ನಾನು ವೈರ್ ಕಳಚುತ್ತೇನೆ, ಅವರು ಪುಲ್ಲಿ ನಿಲ್ಲುವವರೆಗೂ ಅಲ್ಲಿಯ ಬಾಗಿಲಿಗೂ ಇರುವ ಜಾಲರಿಯಲ್ಲಿ ನೋಡುತ್ತಾರೆ. ಆಮೇಲೆ ನಡೆದು ಹೋಗಿ ಮೇನನ್ನೂ ಆಫ್ ಮಾಡಿ ಬರುತ್ತಾರೆ. ಬೇಡ ಅಂತ ನಾನು ಹೇಳುವುದಿಲ್ಲ.