ಮೇಜಿನ ಮೇಲಿನ ಕೈಮರ

ಕೆಲಸದ ನಿಮಿತ್ತ ಮಿಲಾನ್‌ನಲ್ಲಿದ್ದ ಎರಡು ವರ್ಷಗಳಲ್ಲಿ, ತಿಂಗಳ ಕೊನೆಯ ಭಾನುವಾರ ನವೀಲಿಯೊ ಗ್ರಾಂದೆ ಕಾಲುವೆಯ ದಂಡೆಯಲ್ಲಿ ಸೇರುವ ಹಳೆಯ ಸಾಮಾನುಗಳ ಸಂತೆಯನ್ನು ನಾನು ತಪ್ಪಿಸಿಕೊಂಡದ್ದು ಕಡಿಮೆ. ಅಂಥ ಒಂದು ಭಾನುವಾರ, ಹಿತ್ತಾಳೆಯ ಪೇಪರ್‌ವೇಟುಗಳು ಮತ್ತು ಪೆನ್ನಿನ ಸ್ಟ್ಯಾಂಡುಗಳ ನಡುವೆ, ಬಿಳುಪು ಮಾಸಿ ಕೆನೆಬಣ್ಣಕ್ಕೆ ತಿರುಗಿದ್ದ ಪ್ಲಾಸ್ಟಿಕ್ ಕ್ಯಾಲೆಂಡರೊಂದು ಕಣ್ಣಿಗೆ ಬಿತ್ತು. ಇಟಲಿಯ ವಿನ್ಯಾಸಕಾರ ಎಂಜೊ ಮಾರಿ 1967ರಲ್ಲಿ ಡಾನೀಸೆ ಸಂಸ್ಥೆಗಾಗಿ ವಿನ್ಯಾಸ ಮಾಡಿದ 'ಟಿಮೊರ್' ಅದು. ಚಿತ್ರಗಳಲ್ಲಿ ಎಷ್ಟೋ ಸಲ ನೋಡಿದ್ದರೂ ಕೈಗೆತ್ತಿಕೊಂಡದ್ದು ಅಂದೇ ಮೊದಲು.

ಅದರ ಕೆಲಸ ಬಲು ಸರಳ. ಎಬಿಎಸ್ ಪ್ಲಾಸ್ಟಿಕ್ಕಿನ ಗಟ್ಟಿ ಪೀಠದ ಮೇಲೆ ವಾರ, ತಾರೀಖು, ತಿಂಗಳುಗಳನ್ನು ಅಚ್ಚು ಹಾಕಿದ ತೆಳುವಾದ ಪಟ್ಟಿಗಳು ಬೀಸಣಿಗೆಯ ಕಡ್ಡಿಗಳಂತೆ ಒಂದೇ ಮೊಳೆಗೆ ಪೋಣಿಸಿಕೊಂಡಿರುತ್ತವೆ. ಬೇಕಾದ ಪಟ್ಟಿಯನ್ನು ಬೆರಳಿನಿಂದ ತಿರುಗಿಸಿ ನೋಟಕ್ಕೆ ತಂದುಕೊಂಡರೆ ಆಯಿತು. ವರ್ಷ ಬದಲಾದರೂ ಕ್ಯಾಲೆಂಡರ್ ಬದಲಾಗಬೇಕಿಲ್ಲ. ಇಟಲಿಯ ರೈಲುದಾರಿಗಳ ಹಳೆಯ ಸಂಕೇತ ಫಲಕಗಳಿಂದ ಮಾರಿ ಈ ಕಲ್ಪನೆಯನ್ನು ಪಡೆದರೆಂಬುದು ನನಗೆ ಮೊದಲೇ ಗೊತ್ತಿತ್ತು. ಆದರೆ ಪಟ್ಟಿಯೊಂದು ಬೆರಳಿಗೆ ಮಣಿದು ಇಳಿದಾಗ ನನ್ನ ನೆನಪಿಗೆ ಬಂದದ್ದು ಇಟಲಿಯಲ್ಲ, ಅರಸೀಕೆರೆಯ ಕಡೆಯ ಸಣ್ಣ ಸ್ಟೇಷನ್ನು. ಅಪ್ಪ ಅಲ್ಲಿ ಕ್ಯಾಬಿನ್ನಿನ ಲಿವರ್ ಎಳೆದರೆ, ತಂತಿ ಕಿರ್ರೆಂದು ಬಿಗಿದು, ದೂರದ ಸಿಗ್ನಲ್ ಕಂಬದ ಮೇಲಿನ ಕೈಮರ ಇಳಿಯುತ್ತಿತ್ತು.

ಬ್ರೂನೊ ಡಾನೀಸೆ ಮತ್ತು ಜಾಕ್ಲೀನ್ ವೊದೊಸ್ ದಂಪತಿಗಳು 1957ರಲ್ಲಿ ಮಿಲಾನ್‌ನಲ್ಲಿ ಕಟ್ಟಿದ ಈ ಸಂಸ್ಥೆ, ಬೂದಿಬಟ್ಟಲು, ತಟ್ಟೆ, ಕ್ಯಾಲೆಂಡರಿನಂಥ ಚಿಕ್ಕ ವಸ್ತುಗಳಿಗೆ ಕಟ್ಟಡವೊಂದಕ್ಕೆ ಕೊಡುವಷ್ಟೇ ಯೋಚನೆಯನ್ನು ಕೊಟ್ಟಿತು. ಇನ್ನೊಬ್ಬ ವಿನ್ಯಾಸಕಾರ ಬ್ರೂನೊ ಮುನಾರಿಯ ಘನಾಕಾರದ ಬೂದಿಬಟ್ಟಲು ಇಲ್ಲಿಯದೇ. ಕಟ್ಟಡಕ್ಕೆ ಬಳಸುವ ಕಬ್ಬಿಣದ ತೊಲೆಯ ತುಂಡಿನ ಎರಡೂ ತುದಿಗಳನ್ನು ಮೇಲಕ್ಕೆ ಬಾಗಿಸಿ ಮಾರಿ 1958ರಲ್ಲಿ ರೂಪಿಸಿದ 'ಪುತ್ರೆಲ್ಲಾ' ತಟ್ಟೆಯೂ ಹಾಗೆಯೇ. ಕಾರ್ಖಾನೆಯ, ರೈಲಿನ, ದುಡಿಯುವವರ ಲೋಕದಲ್ಲಿ ಆಗಲೇ ಪಳಗಿದ ಆಕಾರಗಳನ್ನು ಮಾರಿ ಮೇಜಿನ ಮೇಲೆ ತಂದಿಟ್ಟರು. ಅವರು ಕಡೆಯವರೆಗೂ ಕಮ್ಯುನಿಸ್ಟರಾಗಿ ಉಳಿದವರು; ನನ್ನ ಮಟ್ಟಿಗೆ ಈ ಕ್ಯಾಲೆಂಡರಿನ ಚೆಲುವೂ ದುಡಿಮೆಯ ಮೇಲಿನ ಗೌರವದಿಂದಲೇ ಹುಟ್ಟಿದ್ದು.

ಮನೆಗೆ ತಂದ ರಾತ್ರಿಯೇ ತಪ್ಪೊಂದು ನಡೆದುಹೋಯಿತು. ಪೀಠದ ಜಿಡ್ಡನ್ನು ಸೋಪಿನ ನೀರಿನಿಂದ ತೆಗೆದವನು, ಪಟ್ಟಿಗಳನ್ನು ಒರೆಸಲು ಸ್ಪಿರಿಟ್ ಹಚ್ಚಿದ ಹತ್ತಿಯನ್ನು ಬಳಸಿದೆ. ಜೂನ್ ತಿಂಗಳ ಪಟ್ಟಿಯಲ್ಲಿ 'ಜೂನ್ಯೊ' ಎಂಬ ಇಟಾಲಿಯನ್ ಹೆಸರಿನ ಕೊನೆಯ ಅಕ್ಷರದ ಕಪ್ಪು ಶಾಯಿ ಹತ್ತಿಗೆ ಬಂದುಬಿಟ್ಟಿತು. ಅರ್ಧ ಶತಮಾನ ಉಳಿದು ಬಂದ ಅಕ್ಷರವನ್ನು ಅರ್ಧ ನಿಮಿಷದಲ್ಲಿ ಅಳಿಸಿದ ನೋವು ಈಗಲೂ ಇದೆ. ಅದರ ಮೇಲೆ ಹೊಸ ಶಾಯಿ ತಿದ್ದಲು ಮನಸ್ಸು ಒಪ್ಪಲಿಲ್ಲ.

ಮರುದಿನ ವಿಡಿಯೊ ಕರೆಯಲ್ಲಿ ಅಪ್ಪನಿಗೆ ತೋರಿಸಿದೆ. ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದ ಅವರು, "ಇದು ನಮ್ಮ ಕೈಮರ ಕಣೋ" ಎಂದರು.

"ಹೌದಪ್ಪ, ಅಲ್ಲಿಯ ಕೈಮರಗಳನ್ನು ನೋಡಿಯೇ ಮಾಡಿದ್ದಂತೆ."

"ಎಲ್ಲಿ, ಇವತ್ತಿನ ತಾರೀಖು ಹಾಕು."

ನಾನು ಪಟ್ಟಿ ತಿರುಗಿಸಿದೆ. ಅವರು ನೋಡುತ್ತಿದ್ದದ್ದು ತಾರೀಖನ್ನಲ್ಲ, ನನ್ನ ಬೆರಳನ್ನು. "ಮೆಲ್ಲಗೆ, ತುದಿಯಲ್ಲಿ ಹಿಡಿಯಬೇಡ, ಬುಡದ ಹತ್ತಿರ ಹಿಡಿ. ಮೊಳೆ ಸಡಿಲವಾಗುತ್ತದೆ" ಎಂದರು.

ಊರಿಗೆ ಮರಳಿದಾಗ ಅದನ್ನು ಅವರ ಮೇಜಿನ ಮೇಲೆಯೇ ಇಟ್ಟೆ. ಅಪ್ಪನಿಗೆ ಈಗ ಬೆಳಗಿನ ಸ್ನಾನ ಮುಗಿದ ಕೂಡಲೇ ತಾರೀಖು ಬದಲಿಸುವ ಕೆಲಸ. ವಾರಗಳ ಇಟಾಲಿಯನ್ ಹೆಸರುಗಳಿಗೆ ಕನ್ನಡದಲ್ಲಿ ಅರ್ಥ ಬರೆದ ಚೀಟಿಯೊಂದನ್ನು ಪೀಠದ ಕೆಳಗೆ ಸಿಕ್ಕಿಸಿದ್ದೆ. ಕಳೆದ ಸಲ ಹೋದಾಗ ನೋಡಿದರೆ ಚೀಟಿ ಅಲ್ಲಿರಲಿಲ್ಲ. ಬುಧವಾರಕ್ಕೆ 'ಮೆರ್ಕೊಲೆದಿ' ಸರಿಯಾಗಿಯೇ ನಿಂತಿತ್ತು.