ಲೋವರ್ ಕಾಫ್ ಕ್ರೀಕ್ ಜಲಪಾತ: ದಾರಿ ಸಮತಟ್ಟು, ಸವಾಲು ಮರಳಿನದು

ಅಮೆರಿಕದ ಮರುಭೂಮಿಯಲ್ಲಿ ಜಲಪಾತ ಎಂದ ಕೂಡಲೇ ಹೆಚ್ಚಿನವರು ಹುಡುಕುವುದು ಅರಿಜೋನಾದ ಹವಾಸು ಜಲಪಾತವನ್ನು. ಅಲ್ಲಿಗೆ ಬೆಳಿಗ್ಗೆ ಹೋಗಿ ಸಂಜೆ ವಾಪಸಾಗಲು ಅವಕಾಶವೇ ಇಲ್ಲ. ರಾತ್ರಿ ತಂಗಲು ಬುಕಿಂಗ್ ಇದ್ದವರನ್ನು ಮಾತ್ರ ಹವಾಸುಪೈ ಬುಡಕಟ್ಟಿನವರು ಒಳಗೆ ಬಿಡುತ್ತಾರೆ. ಟಿಕೆಟ್ ತೆಗೆಯುವ ಮುಂಚೆಯೇ ಇದು ಗೊತ್ತಿರಲಿ. ಒಂದೇ ದಿನದ ಚಾರಣ ಬೇಕಿದ್ದರೆ ದಕ್ಷಿಣ ಯೂಟಾದ ಲೋವರ್ ಕಾಫ್ ಕ್ರೀಕ್ ಸರಿಯಾದ ಆಯ್ಕೆ. 126 ಅಡಿ ಎತ್ತರದ ಜಲಪಾತ, ಹೋಗಿಬರಲು ಸುಮಾರು 10 ಕಿ.ಮೀ. ನಡಿಗೆ, ವಾಹನಕ್ಕೆ ಶುಲ್ಕವಿದೆ. ಅದು ಎಷ್ಟೆಂದು ಹೊರಡುವ ಮುನ್ನ ನೋಡಿಕೊಳ್ಳಿ, ಚಿಲ್ಲರೆ ನೋಟು ಜೊತೆಗಿರಲಿ.

ಹೆದ್ದಾರಿ 12ರಲ್ಲಿ, ಎಸ್ಕಲಾಂಟೆ ಊರಿನಿಂದ 24 ಕಿ.ಮೀ. ದೂರದಲ್ಲಿ, 75ನೇ ಮೈಲಿಗಲ್ಲಿನ ಹತ್ತಿರ ತಿರುವು ಸಿಗುತ್ತದೆ. ಇಡೀ ದಿನ ಕೆಡುವುದಿದ್ದರೆ ಕೆಡುವುದು ಇಲ್ಲೇ, ಪಾರ್ಕಿಂಗ್‌ನಲ್ಲಿ. ಜಾಗ ಚಿಕ್ಕದು. ವಸಂತ ಮತ್ತು ಶರತ್ಕಾಲದಲ್ಲಿ ಬೆಳಿಗ್ಗೆ ಹತ್ತರೊಳಗೆ ತುಂಬಿಹೋಗುವುದು ಸಾಮಾನ್ಯ. ಆಮೇಲೆ ಬಂದವರು ಹೆದ್ದಾರಿಯ ಅಂಚಿನಲ್ಲಿ ಕಾರು ನಿಲ್ಲಿಸಿ, ತಿರುವುಗಳಿರುವ ಇಳಿಜಾರು ರಸ್ತೆಯಲ್ಲಿ ಮಕ್ಕಳನ್ನು ಕರೆದುಕೊಂಡು ನಡೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಿಂದಿನ ರಾತ್ರಿ ಎಸ್ಕಲಾಂಟೆಯಲ್ಲೋ ಬೌಲ್ಡರ್ ಊರಿನಲ್ಲೋ ತಂಗಿ, ಏಳು ಗಂಟೆಗೆಲ್ಲ ಅಲ್ಲಿರಿ. ಪೆಟ್ರೋಲ್ ಊರಿನಲ್ಲೇ ತುಂಬಿಸಿಕೊಳ್ಳಿ. ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ದಾರಿಯಲ್ಲಿ ದೊಡ್ಡ ಏರಿಲ್ಲ. ಅದನ್ನೇ ಓದಿಕೊಂಡು 'ಸುಲಭ' ಎಂದು ಹೊರಟವರಿಗೆ ಮರಳು ಪಾಠ ಕಲಿಸುತ್ತದೆ. ದಾರಿಯ ಬಹುಭಾಗ ಸಡಿಲ ಮರಳು. ಹೆಜ್ಜೆ ಒತ್ತಿದಷ್ಟೂ ಪಾದ ಹಿಂದಕ್ಕೆ ಜಾರುತ್ತದೆ, ಮೀನಖಂಡ ಬೇಗ ಸೋಲುತ್ತದೆ. ಸಮತಟ್ಟು ನೆಲದ 10 ಕಿ.ಮೀ.ಗೆ ನೀವು ಎಷ್ಟು ಹೊತ್ತು ತೆಗೆದುಕೊಳ್ಳುತ್ತೀರೋ ಅದರ ಒಂದೂವರೆ ಪಟ್ಟು ಇಟ್ಟುಕೊಳ್ಳಿ. ನೀರಿನ ಬಳಿ ಕೂರುವ ಸಮಯವೂ ಸೇರಿದರೆ ನಾಲ್ಕೈದು ತಾಸು ಬೇಕು. ಸ್ಯಾಂಡಲ್ ಬೇಡ, ಮುಚ್ಚಿದ ಶೂ ಹಾಕಿ. ಜಾಲರಿ ಬಟ್ಟೆಯ ಶೂ ಆದರೆ ಸಣ್ಣ ಮರಳು ಅದರ ಮೂಲಕವೇ ಒಳಗಿಳಿಯುತ್ತದೆ.

ಕಾಲಿನಲ್ಲಿ ಬೊಬ್ಬೆ ಏಳುವುದು ಹೆಚ್ಚಾಗಿ ವಾಪಸ್ ಬರುವಾಗ. ಕೊಳದಲ್ಲಿ ಕಾಲಾಡಿಸಿ, ಒದ್ದೆ ಪಾದಕ್ಕೇ ಸಾಕ್ಸ್ ಏರಿಸುತ್ತಾರೆ. ನೆನೆದು ಮೆತ್ತಗಾದ ಚರ್ಮಕ್ಕೆ ಮರಳು ಉಜ್ಜಿದರೆ ಎರಡು ಕಿ.ಮೀ. ಸಾಕು, ಹಿಮ್ಮಡಿ ಸುಲಿಯುತ್ತದೆ. ಒಂದು ಸಣ್ಣ ಟವೆಲ್, ಒಂದು ಜೊತೆ ಒಣ ಸಾಕ್ಸ್ ಚೀಲದಲ್ಲಿರಲಿ. ಬೆರಳ ಸಂದಿಯನ್ನೂ ಒರೆಸಿ, ಶೂ ಕೊಡವಿ, ಆಮೇಲೆ ಹಾಕಿಕೊಳ್ಳಿ.

ಕುಡಿಯುವ ನೀರು ತಲೆಗೆ 3 ಲೀಟರ್. ಹೋಗುವಾಗ ತಂಪಿರುತ್ತದೆ, ಕಡಿಮೆ ಕುಡಿಯುತ್ತೀರಿ. ಮರಳುವಾಗ ಬಿಸಿಲು ನೆತ್ತಿಗೇರಿ, ಬಂಡೆಗಳೂ ಕಾದಿರುತ್ತವೆ. ಅರ್ಧಕ್ಕಿಂತ ಹೆಚ್ಚನ್ನು ವಾಪಸಿಗೆ ಉಳಿಸಿಕೊಳ್ಳಿ, ಉಪ್ಪಿನ ತಿಂಡಿ ಏನಾದರೂ ಇರಲಿ. ಪಕ್ಕದಲ್ಲೇ ತೊರೆ ಹರಿಯುತ್ತದಲ್ಲ ಎಂದು ಬಾಟಲಿ ತುಂಬಿಕೊಂಡು ಹಾಗೇ ಕುಡಿಯಬೇಡಿ. ಆ ನೀರನ್ನು ಫಿಲ್ಟರ್ ಮಾಡಲೇಬೇಕು.

ಸುತ್ತಲೂ ಒಣ ಬಂಡೆ ಇದ್ದೂ ಬೇಸಿಗೆಯಲ್ಲಿ ಈ ನೀರು ಬತ್ತುವುದಿಲ್ಲ. ಕಣಿವೆಯ ಗೋಡೆ ನವಾಹೋ ಮರಳುಗಲ್ಲಿನದು. ಮೇಲೆ ಬಿದ್ದ ಮಳೆ, ಹಿಮ ಅದರೊಳಗೆ ಇಂಗಿ, ನಿಧಾನವಾಗಿ ಕೆಳಗಿಳಿದು ಬುಗ್ಗೆಯಾಗಿ ಹೊರಬರುತ್ತದೆ. ಕೊಳದ ನೀರು ಕೊರೆಯುವುದೂ ಅದಕ್ಕೇ. ಬಿಸಿಲಲ್ಲಿ ಬೆವರಿ ಬಂದು ಒಮ್ಮೆಲೇ ಧುಮುಕಬೇಡಿ: ಉಸಿರು ಸಿಕ್ಕಿಕೊಳ್ಳುತ್ತದೆ. ಮೊದಲು ಮೊಣಕಾಲಿನವರೆಗೆ ಇಳಿದು ಒಗ್ಗಿಸಿಕೊಳ್ಳಿ.

ಹೋಗುವಾಗ ಬೈನಾಕ್ಯುಲರ್ ಒಯ್ದರೆ ಲಾಭವಿದೆ. ತೊರೆಯ ಆಚೆ ಗೋಡೆಯಲ್ಲಿ ಈ ಪ್ರದೇಶದ ಪ್ರಾಚೀನ ಮೂಲನಿವಾಸಿಗಳಾದ ಫ್ರೀಮಾಂಟ್ ಜನರು ಬರೆದ ಮೂರು ದೊಡ್ಡ ಕೆಂಪು ಆಕೃತಿಗಳಿವೆ. ನೆಲ ನೋಡಿಕೊಂಡು ನಡೆಯುವವರು ಅದನ್ನು ದಾಟಿಯೇ ಹೋಗಿಬಿಡುತ್ತಾರೆ. ನಮ್ಮ ಪ್ರಕಾರ ಜಲಪಾತದಷ್ಟೇ ಬೆಲೆಬಾಳುವ ನೋಟ ಅದು. ಹತ್ತಿರ ಹೋಗಲು ಯತ್ನಿಸಬೇಡಿ, ಈಚೆಯಿಂದಲೇ ಚೆನ್ನಾಗಿ ಕಾಣುತ್ತದೆ.

ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗುಮಳೆಯ ಕಾಲ. ನಿಮ್ಮ ತಲೆಯ ಮೇಲೆ ಆಕಾಶ ನೀಲಿಯಾಗಿದ್ದರೂ ತೊರೆಯ ಮೇಲ್ಭಾಗದಲ್ಲಿ ಮಳೆಯಾದರೆ ಪ್ರವಾಹ ಬರಬಹುದು. ನೀರು ದಿಢೀರನೆ ಕಂದು ಬಣ್ಣಕ್ಕೆ ತಿರುಗಿ ಕಡ್ಡಿ ಕಸ ತೇಲಿ ಬಂದರೆ ಸಾಮಾನು ಬಿಟ್ಟು ಎತ್ತರಕ್ಕೆ ಹತ್ತಿ. ಆ ತಿಂಗಳುಗಳಲ್ಲಿ ಮಧ್ಯಾಹ್ನಕ್ಕೆ ಮುಂಚೆ ಕಾರಿನ ಹತ್ತಿರ ಬಂದಿರುವಂತೆ ಲೆಕ್ಕ ಹಾಕಿ.

ಪಾರ್ಕಿಂಗ್ ಸಿಗದೇ ಹೋದರೆ ಬೌಲ್ಡರ್ ಕಡೆಗೆ ಮುಂದುವರಿಯಿರಿ. 81 ಮತ್ತು 82ನೇ ಮೈಲಿಗಲ್ಲುಗಳ ನಡುವೆ ಅಪ್ಪರ್ ಕಾಫ್ ಕ್ರೀಕ್‌ಗೆ ಕಚ್ಚಾ ತಿರುವಿದೆ. 88 ಅಡಿಯ ಜಲಪಾತ, ಒಂದು ದಿಕ್ಕಿಗೆ ಸುಮಾರು ಒಂದೂವರೆ ಕಿ.ಮೀ. ಆರಂಭದಲ್ಲೇ ಕಡಿದಾದ ಬಂಡೆಯ ಇಳಿಜಾರು, ನೆರಳಿಲ್ಲ, ಗುರುತಿಗೆ ಜೋಡಿಸಿದ ಕಲ್ಲುಗುಪ್ಪೆಗಳನ್ನು ಹಿಡಿದೇ ನಡೆಯಬೇಕು. ಮಂಡಿನೋವು ಇರುವವರಿಗೆ ಬೇಡ. ಎರಡು ಜಲಪಾತಗಳ ನಡುವೆ ಕಾಲುದಾರಿ ಇಲ್ಲ. ಮೇಲಿನಿಂದ ಕೆಳಗಿನದಕ್ಕೆ ಇಳಿಯಬಹುದು ಎಂದುಕೊಂಡು ಬಂಡೆಯ ಅಂಚಿಗೆ ಹೋಗಬೇಡಿ.